ಸ್ವೆಟರಿನ ತೋಳಿಗೆ ಹೊಲಿದ ಚೌಕ

ನಾಪೋಕ್ಲಿನ ನಮ್ಮ ಟೈಲರ್ ಅಂಗಡಿಗೆ ಕ್ಯೂಆರ್ ಕೋಡಿನ ಹಲಗೆ ಬಂದ ದಿನ, ಅದನ್ನು ಎಲ್ಲಿಡಬೇಕೆಂದು ತೀರ್ಮಾನಿಸಿದವರು ನಮ್ಮ ಅತ್ತೆ. ಬಾಗಿಲ ಬಳಿ ಇಟ್ಟರೆ ಎರಚಲು ಹೊಡೆಯುತ್ತದೆ, ಮಿಷಿನ್ನಿನ ಬಳಿ ಇಟ್ಟರೆ ದಾರದ ಧೂಳು ಕೂರುತ್ತದೆ, ಗಿರಾಕಿ ನಿಂತಲ್ಲಿಂದಲೇ ಮೊಬೈಲು ಚಾಚುವ ಹಾಗಿರಬೇಕು ಎಂದು ಅವರೇ ಬಟ್ಟೆ ಕತ್ತರಿಸುವ ಮೇಜಿನ ತುದಿಗೆ ಅದನ್ನು ನಿಲ್ಲಿಸಿದರು. ನಿವೃತ್ತರಾಗಿ ಬಹಳ ವರ್ಷವಾಗಿದ್ದರೂ ಊರಿನವರು ಅವರನ್ನು ಇನ್ನೂ ‘ಟೀಚರ್’ ಎಂದೇ ಕರೆಯುತ್ತಿದ್ದರು. ಬಾಲವಾಡಿಯಲ್ಲಿ ಅವರ ಕೈಕೆಳಗೆ ಅಕ್ಷರ ತಿದ್ದಿದವರೇ ಈಗ ಪ್ಯಾಂಟು ಹೊಲಿಸಲು ಬರುತ್ತಿದ್ದರು.

ನಾನು ಮಿಷಿನ್ ತುಳಿಯುತ್ತಿದ್ದೆ, ಅವರು ಪಕ್ಕದ ಕುರ್ಚಿಯಲ್ಲಿ ಕೂತು ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದರು. ಗಿರಾಕಿಗಳು ಬಂದು ಹಲಗೆಯ ಮುಂದೆ ಮೊಬೈಲು ಹಿಡಿಯುವುದು, ಪುಟ್ಟ ಸ್ಪೀಕರು ದುಡ್ಡು ಬಂತೆಂದು ಕೂಗುವುದು, ಅವರು ತಲೆಯಾಡಿಸಿ ಹೊರಟುಹೋಗುವುದು, ಇದನ್ನೆಲ್ಲ ಅತ್ತೆ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ನಾನು ಕುಶಾಲನಗರದ ಕಡೆಯವಳು, ನಮ್ಮ ತಾತನ ಕಾಲದಲ್ಲಿ ಹಾಸನದಿಂದ ಬಂದು ನೆಲೆ ನಿಂತವರ ಮನೆಯವಳು. ಅತ್ತೆ ಭಾಗಮಂಡಲದ ಕಡೆಯವರು, ಅವರ ಮಾತು ಅರೆಭಾಷೆ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ನಾನು ನನ್ನ ಕನ್ನಡದಲ್ಲಿ, ಅವರು ಅವರದರಲ್ಲಿ, ಹೀಗೇ ನಮ್ಮ ಮಾತುಕತೆ.

“ಕೊಡುವವೂ ಮಾತಾಡ್ದಿಲ್ಲೆ, ತಕಂಬವೂ ಮಾತಾಡ್ದಿಲ್ಲೆ. ಪೆಟ್ಟಿಗೆ ಮಾತ್ರ ಮಾತಾಡ್ದು” ಎಂದು ಒಮ್ಮೆ ನಕ್ಕಿದ್ದರು.

ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ಅತ್ತೆ ಒಂದು ಹುಕ್ಕನ್ನು ಒಂದೇ ಜಾಗಕ್ಕೆ ಮೂರು ಸಲ ಹಾಕತೊಡಗಿದರು. ಮೊದಲು ನಾನು ಅದನ್ನು ಕಣ್ಣಿನ ದೋಷವೆಂದುಕೊಂಡೆ. ಆಮೇಲೆ ಮಧ್ಯಾಹ್ನವಾದರೆ ಎದ್ದು ನಿಲ್ಲುವುದು ಶುರುವಾಯಿತು. “ನಂಗೆ ಮನೆಗೆ ಹೋಕು” ಎಂದು ಹೊರಡುತ್ತಿದ್ದರು. ಮನೆ ಎಂದರೆ ನಮ್ಮ ಮನೆಯಲ್ಲ. ಅವರು ಹುಟ್ಟಿದ ಮನೆ. ಅಲ್ಲಿ ಈಗ ಯಾರೂ ಇಲ್ಲ, ಜಾಗ ಮಾರಿ ಎಷ್ಟೋ ಕಾಲವಾಗಿದೆ. ಹಾಗೆಂದು ಹೇಳಿದರೆ, ನಾನು ಯಾವುದೋ ಕೆಟ್ಟ ಸುದ್ದಿಯನ್ನು ಆಗ ತಾನೇ ತಂದೆನೆಂಬಂತೆ ನನ್ನ ಮುಖ ನೋಡುತ್ತಿದ್ದರು. ಹೇಳುವುದನ್ನು ನಿಲ್ಲಿಸಿದೆ.

ಅಂಗಡಿಯಿಂದ ಬಸ್‌ಸ್ಟ್ಯಾಂಡಿಗೆ ಹೆಚ್ಚು ದೂರವಿಲ್ಲ. ಬಸ್ಸು ಹತ್ತಿ ಕೂತಿದ್ದ ಅತ್ತೆಯನ್ನು ಎರಡು ಸಲ ಕಂಡಕ್ಟರುಗಳೇ ಗುರುತು ಹಿಡಿದು ಇಳಿಸಿ, ಯಾರದೋ ಜೊತೆ ಮಾಡಿ ಕಳಿಸಿದರು. ಮಡಿಕೇರಿಯ ಡಾಕ್ಟರು, ಈ ಕಾಯಿಲೆ ಹಿಂದಕ್ಕೆ ಹೋಗುವುದಿಲ್ಲ, ನಿಧಾನವಾಗಿ ಮುಂದಕ್ಕೇ ಹೋಗುತ್ತದೆ, ಮೈಮೇಲೆ ಯಾವಾಗಲೂ ಹೆಸರು, ಫೋನ್ ನಂಬರು ಇರುವ ಹಾಗೆ ನೋಡಿಕೊಳ್ಳಿ ಎಂದರು. ಬೆಳ್ಳಿಯ ಬಳೆಯಲ್ಲಿ ಕೆತ್ತಿಸಿದೆವು. ಅತ್ತೆ ಅದನ್ನು ತೆಗೆದು ಎಲ್ಲಿಟ್ಟರೋ, ಇವತ್ತಿಗೂ ಸಿಕ್ಕಿಲ್ಲ. ಚೀಟಿ ಬರೆದು ಅವರ ಸ್ವೆಟರಿನ ಜೇಬಿನೊಳಗಿಟ್ಟೆ. ಮಾರನೆಯ ದಿನವೇ ಅದನ್ನು ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಿದರು.

“ಪಾಪ, ಇದ್ ಯಾರ್ದೋ” ಎಂದು ನನ್ನ ಕೈಗೆ ಕೊಟ್ಟರು.

ನಾನು ಬುದ್ಧಿಯಿಲ್ಲದೆ ಅದನ್ನು ಮತ್ತೆ ಅಲ್ಲೇ ಇಟ್ಟೆ. ಎರಡನೆಯ ಸಲ ಓದಿದಾಗ ಅವರು ಅದನ್ನು ನನಗೆ ಕೊಡಲಿಲ್ಲ. ಚೀಟಿಯನ್ನು ಮಡಚಿ, ಇನ್ನೂ ಮಡಚಿ, ಉಗುರಿನಷ್ಟು ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡರು. ಆ ದಿನ ಊಟ ಮಾಡಲಿಲ್ಲ, ನನ್ನ ಗಂಡ ಕರೆದರೂ ತಿರುಗಿ ನೋಡಲಿಲ್ಲ. ಒಂದಿಷ್ಟು ಹೊತ್ತು ಅವರಿಗೆ ಎಲ್ಲವೂ ತಿಳಿದುಹೋಗಿತ್ತು ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ನಮ್ಮ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ನಡೆಸುವವಳು ಇದನ್ನು ಕೇಳಿ ಕೈಯಲ್ಲಿದ್ದ ಕಾಗದಗಳನ್ನು ಬದಿಗಿಟ್ಟಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಮನೆಯಲ್ಲಿ ಮಲಯಾಳಂ, ಅಂಗಡಿಯಲ್ಲಿ ಬಂದವರ ಭಾಷೆ ಯಾವುದೋ ಅದು. ಊರಿನವರ ಅರ್ಜಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿಕೊಡುವುದು ಅವಳೇ.

“ಅಕ್ಕ, ಬರ್ದು ಇಟ್ರೆ ಟೀಚರೂ ಓದ್ತಾರೆ, ಬಸ್ಸಲ್ಲಿ ಪಕ್ಕ ಕೂತವ್ರೂ ಓದ್ತಾರೆ” ಎಂದಳು. “ಕ್ಯೂಆರ್ ಮಾಡಿ ಬಟ್ಟೆಗೆ ಹಾಕುವ. ಬೇಕಾದವ್ರು ಮಾತ್ರ ಮೊಬೈಲ್ ಹಿಡಿದು ನೋಡ್ತಾರೆ.”

“ಅದು ದುಡ್ಡು ಹಾಕೋದಕ್ಕಲ್ವಾ?”

“ದುಡ್ಡಿಂದು ಅದ್ರಲ್ಲಿ ಒಂದು ತರ ಅಷ್ಟೆ. ಒಳಗೆ ಎಂತ ಬೇಕಾದ್ರೂ ಬರೀಬಹುದು. ಬರೀ ಅಕ್ಷರ ಹಾಕ್ತೇನೆ, ಇಂಟರ್‌ನೆಟ್ ಇಲ್ಲದಿದ್ರೂ ಓದ್ಲಿಕ್ಕೆ ಬರ್ತದೆ. ನಮ್ಮ ಕಡೆ ನೆಟ್‌ವರ್ಕ್ ನಂಬಿಕೊಂಡು ಕೂತ್ರೆ ಆಯ್ತು.”

ನನಗೆ ಒಪ್ಪಿಗೆಯಾಯಿತು, ಹೆದರಿಕೆಯೂ ಆಯಿತು. ಬಿಸ್ಕತ್ತಿನ ಪೊಟ್ಟಣದ ಮೇಲೆ, ಗೊಬ್ಬರದ ಚೀಲದ ಮೇಲೆ ಇರುವಂಥದ್ದನ್ನು ಮನುಷ್ಯರ ಮೇಲೆ ಹೊಲಿಯುವುದೇ? ಆದರೆ ಆ ಮಡಚಿದ ಚೀಟಿ ನೆನಪಾದಾಗಲೆಲ್ಲ ಇದೇ ವಾಸಿಯೆನಿಸುತ್ತಿತ್ತು. ಒಳಗೆ ಏನು ಬರೆಯಬೇಕೆಂದು ಇಬ್ಬರೂ ಕೂತು ಯೋಚಿಸಿದೆವು. ಅಕ್ಷರ ಹೆಚ್ಚಾದಷ್ಟೂ ಚುಕ್ಕಿಗಳು ಸಣ್ಣವಾಗುತ್ತವೆ, ಸಣ್ಣವಾದರೆ ಮೊಬೈಲಿಗೆ ಸಿಗುವುದಿಲ್ಲ ಎಂದು ಅವಳು ಹೇಳಿದ್ದರಿಂದ ಒಂದೊಂದೇ ಮಾತನ್ನು ತೆಗೆಯುತ್ತ ಬಂದೆವು. ಕೊನೆಗೆ ಉಳಿದದ್ದು ಇಷ್ಟು: ಇವರಿಗೆ ಮರೆವು. ಕೂರಿಸಿಕೊಂಡು ಈ ನಂಬರಿಗೆ ಫೋನ್ ಮಾಡಿ. ಕೈ ಹಿಡಿದು ಎಳೆಯಬೇಡಿ. ಟೀಚರ್ ಎಂದರೆ ಮಾತಾಡುತ್ತಾರೆ. ಕೆಳಗೆ ನನ್ನ ಮೊಬೈಲ್ ನಂಬರು.

ಮೊದಲು ನಾನೇ ಅದನ್ನು ಕಪ್ಪು ದಾರದಲ್ಲಿ ಕಸೂತಿ ಹಾಕಲು ಕೂತೆ. ಚೌಕಗಳನ್ನು ಎಣಿಸಿ ಎಣಿಸಿ ಹಾಕಿದರೂ ಬಟ್ಟೆ ಎಳೆದುಕೊಂಡು ಸಾಲುಗಳು ಸೊಟ್ಟಗಾದವು, ಮೊಬೈಲು ಅದನ್ನು ಏನೆಂದೂ ಗುರುತಿಸಲಿಲ್ಲ. ಆಮೇಲೆ ವಿರಾಜಪೇಟೆಯಲ್ಲಿ ಬನಿಯನ್ನಿನ ಮೇಲೆ ಚಿತ್ರ ಅಚ್ಚು ಹಾಕುವವರಲ್ಲಿ ಬಿಳಿಯ ಕಾಟನ್ ತುಂಡುಗಳ ಮೇಲೆ ಹಾಕಿಸಿ ತಂದೆ. ಅತ್ತೆ ಚಳಿಯಿರಲಿ ಬಿಸಿಲಿರಲಿ ಒಂದು ಕಂದು ಸ್ವೆಟರನ್ನು ಬಿಡುತ್ತಿರಲಿಲ್ಲ. ಅದರ ಎಡ ತೋಳಿಗೆ, ಮೊಣಕೈಗಿಂತ ಮೇಲೆ, ಹಿಂದೆ ದಪ್ಪ ಬಟ್ಟೆ ಕೊಟ್ಟು ಸುಕ್ಕಾಗದಂತೆ ಹೊಲಿದೆ.

“ಇದೆಂಥ?” ಎಂದರು ಅತ್ತೆ, ಬೆರಳಿನಿಂದ ಅದರ ಅಂಚು ಸವರುತ್ತ.

“ನಮ್ಮಂಗಡಿ ಗುರುತು ಅತ್ತೆ.”

ಅವರು ಮೇಜಿನ ತುದಿಯ ಹಲಗೆಯನ್ನು ನೋಡಿದರು, ತೋಳನ್ನು ನೋಡಿದರು, ಮತ್ತೆ ಹಲಗೆಯನ್ನು ನೋಡಿದರು. ಅವರಿಗೆ ಅದು ಸರಿಯಾಗಿ ಕಂಡಿತು.

ಆಮೇಲೆ ಶುರುವಾದದ್ದು ನನ್ನ ಕಷ್ಟ. ಬೆಳಿಗ್ಗೆ ಅವರು ಕಾಪಿ ಕುಡಿಯುತ್ತ ಕೂತಿರುವಾಗ ಹಿಂದಿನಿಂದ ಹೋಗಿ ಮೊಬೈಲು ಹಿಡಿದು ನೋಡುವುದು ನನಗೆ ಚಟವಾಯಿತು. ಒಗೆದರೆ ಬಣ್ಣ ಹೋಯಿತೇ, ಇಸ್ತ್ರಿ ಹಾಕಿದರೆ ಕರಗಿತೇ, ಮೋಡದ ಬೆಳಕಿನಲ್ಲಿ ಸಿಗುತ್ತದೆಯೇ, ತೋಳು ಮಡಚಿದರೆ? ಸಿಕ್ಕಿದ ಮರುಕ್ಷಣವೇ ಬೇರೆ ಯೋಚನೆ. ನನಗೆ ಸಿಕ್ಕಿದ್ದು ಎಲ್ಲರಿಗೂ ಸಿಗುತ್ತದಲ್ಲ. ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಆ ಕಡೆ ಉಸಿರಾಟ ಮಾತ್ರ. ಅತ್ತೆ ನನ್ನ ಎದುರಿಗೇ ಕೂತಿದ್ದರು. ಇನ್ನೊಂದು ದಿನ, ಅಂಗಡಿಗೆ ಬಂದ ಗಿರಾಕಿಯೊಬ್ಬ ನಾನು ಬಟ್ಟೆ ಹುಡುಕಲು ತಿರುಗಿದಾಗ ಅತ್ತೆಯ ತೋಳಿಗೆ ಮೊಬೈಲು ಹಿಡಿದುಬಿಟ್ಟ. ಬಂದ ನಂಬರನ್ನೂ ಒತ್ತಿದ, ಮೇಜಿನ ಮೇಲಿದ್ದ ನನ್ನ ಫೋನು ಹೊಡೆದುಕೊಂಡಿತು.

“ಸುಮ್ನೆ ನೋಡ್ದೆ” ಎಂದು ಅವನು ನಕ್ಕ. “ಮರೆವಾ ಇವ್ರಿಗೆ?”

ಅತ್ತೆ ತಲೆಯೆತ್ತಿ ಅವನನ್ನೇ ನೋಡಿದರು. ಅವನು ಹೋದ ಮೇಲೆ ಎಷ್ಟು ಸಲ ಪೋಣಿಸಿದರೂ ಸೂಜಿಗೆ ದಾರ ಹೋಗಲಿಲ್ಲ. ಸಂಜೆ ಗಂಡನಿಗೆ ಹೇಳಿದೆ. ಅವರು ನಾಪೋಕ್ಲಿನ ಆಚೆ ಒಂದು ಎಸ್ಟೇಟಿನಲ್ಲಿ ರೈಟರು, ದಿನವಿಡೀ ತೋಟದ ಆಳುಗಳ ಕೆಲಸ ನೋಡಿಕೊಂಡು ಬರುವವರು, ಮಾತು ಕಡಿಮೆ.

“ತೆಗ್ದುಬಿಡು ಹಾಗಾದ್ರೆ” ಎಂದರು.

“ತೆಗ್ದ ಮೇಲೆ ಕಳ್ದುಹೋದ್ರೆ?”

ನಾನು ತೆಗೆಯಲಿಲ್ಲ.

ಅತ್ತೆ ಕಾಣೆಯಾದದ್ದು ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಸಂತೆಯ ದಿನ. ಅಂಗಡಿಯ ತುಂಬ ಜನ. ಮದುವೆ ಹತ್ತಿರವಿದ್ದ ಹುಡುಗಿಯೊಬ್ಬಳಿಗೆ ಪರದೆಯ ಹಿಂದೆ ರವಿಕೆ ಹಾಕಿಸಿ, ಭುಜಕ್ಕೆ ಪಿನ್ನು ಚುಚ್ಚಿ, ಅಳತೆ ಸರಿ ನೋಡಿ ಈಚೆಗೆ ಬಂದೆ. ಕುರ್ಚಿ ಖಾಲಿಯಿತ್ತು. ಅದರ ಮೇಲೆ ಅವರು ಹುಕ್ಕು ಹಾಕುತ್ತಿದ್ದ ರವಿಕೆ, ಸೂಜಿ ಚುಚ್ಚಿದ್ದು ಹಾಗೇ ಇತ್ತು.

ಚಪ್ಪಲಿಯನ್ನೂ ಹಾಕದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಸಂತೆಯ ಗದ್ದಲದಲ್ಲಿ ಯಾರೂ ಯಾರನ್ನೂ ನೋಡಿರಲಿಲ್ಲ. ಭಾಗಮಂಡಲದ ಕಡೆಯ ಬಸ್ಸು ಈಗಷ್ಟೇ ಹೋಯಿತೆಂದು ಹಣ್ಣಿನವನು ಹೇಳಿದ. ಅಷ್ಟು ಸಾಕಾಯಿತು ನನಗೆ. ಅವರು ಇನ್ನೆಲ್ಲಿಗೆ ಹೋಗುತ್ತಾರೆ? ಗಂಡನಿಗೆ ಫೋನ್ ಮಾಡಿದೆ. ಅವರು ಎಸ್ಟೇಟಿನಿಂದಲೇ ಬೈಕಿನಲ್ಲಿ ಆ ಬಸ್ಸಿನ ಹಿಂದೆ ಹೋದರು. ಬಹಳ ಹೊತ್ತಾದ ಮೇಲೆ ಭಾಗಮಂಡಲದಿಂದ ಫೋನು.

“ಬಸ್ಸಲ್ಲಿ ಇಲ್ಲ. ಕಂಡಕ್ಟರ್ ನೋಡಿಲ್ಲ ಅಂತಾನೆ. ದೇವಸ್ಥಾನದ ಹತ್ರ, ಸಂಗಮದ ಹತ್ರ ಎಲ್ಲ ನೋಡ್ದೆ.” ಸಂಗಮವೆಂದಾಗ ಅವರ ಧ್ವನಿ ಇಳಿಯಿತು. ಹೊಳೆ ಇನ್ನೂ ತುಂಬಿ ಹರಿಯುತ್ತಿದ್ದ ಕಾಲ.

ಜೆರಾಕ್ಸ್ ಅಂಗಡಿಯವಳು ನನ್ನನ್ನು ಕುರ್ಚಿಗೆ ಕೂರಿಸಿದಳು. “ಅಕ್ಕ, ನೀವು ಎಲ್ಲಿಗೂ ಹೋಗ್ಬೇಡಿ. ಯಾರಾದ್ರೂ ಸ್ಕ್ಯಾನ್ ಮಾಡಿದ್ರೆ ಫೋನ್ ಬರೋದು ನಿಮ್ಗೆ. ನೆಟ್‌ವರ್ಕ್ ಇರೋ ಕಡೆ ಇರ್ಬೇಕು. ಯಾರಿಗೂ ಫೋನ್ ಮಾಡ್ಲೂಬೇಡಿ, ಲೈನ್ ಬ್ಯುಸಿ ಆಗ್ತದೆ.” ತಾನೇ ಪೊಲೀಸರಿಗೆ ತಿಳಿಸಿ ಬಂದಳು. ನನ್ನನ್ನು ಒಂದು ಮಾತು ಕೇಳಿ, ಅತ್ತೆಯ ಫೋಟೋ ಹಾಕಿ, ಮರೆವಿನ ಕಾಯಿಲೆ ಇದೆಯೆಂದು ಬರೆದು, ನನ್ನ ನಂಬರು ಸೇರಿಸಿ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದಳು. ಕಳಿಸು ಎಂದದ್ದು ನಾನೇ. ಆದರೆ ಚುಕ್ಕಿಗಳೊಳಗೆ ಅಡಗಿಸಿಟ್ಟ ಮಾತು ಅರ್ಧ ಗಂಟೆಯಲ್ಲಿ ಇಡೀ ಕೊಡಗಿನ ಮೊಬೈಲುಗಳಲ್ಲಿ ಓಡಾಡತೊಡಗಿತು.

ಕೂತಿರುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಅದರ ಸಿಗ್ನಲಿನ ಗೆರೆಗಳನ್ನೇ ನೋಡುತ್ತಿದ್ದೆ. ಒಂದು ಗೆರೆ ಕಡಿಮೆಯಾದರೆ ಎದ್ದು ಬಾಗಿಲಿಗೆ ಬರುತ್ತಿದ್ದೆ. ಬಟ್ಟೆ ಕೇಳಲು ಬಂದ ಯಾರೋ ವಿಷಯ ತಿಳಿಯದೆ ಹಲಗೆಗೆ ಮೊಬೈಲು ಹಿಡಿದರು. ಸ್ಪೀಕರು ಕೂಗಿದ್ದಕ್ಕೆ ನಾನು ಬೆಚ್ಚಿ ಎದ್ದುನಿಂತೆ. ಅದರ ವೈರನ್ನು ಕಿತ್ತಿಟ್ಟೆ.

ಆಗ ಫೋನು ಬಂತು. ಗಂಡಸಿನ ಧ್ವನಿ, ಕನ್ನಡದಲ್ಲಿ ಆತುರವಿತ್ತು.

“ಅಜ್ಜಿ ಕಳೆದುಹೋಗಿದ್ದು ನಿಮ್ಮವರಾ? ನಮ್ಮ ಹತ್ರ ಇದ್ದಾರೆ.”

“ಎಲ್ಲಿ? ಎಲ್ಲಿದ್ದಾರೆ? ಹೇಗಿದ್ದಾರೆ?”

“ಚೆನ್ನಾಗಿದ್ದಾರೆ ಮೇಡಂ. ಜೀಪ್ ಮಾಡಿ ಕರ್ಕೊಂಡು ಬರ್ತೇವೆ. ಬಾಡಿಗೆ ಮೊದ್ಲು ಹಾಕ್ಬೇಕು. ಒಂದು ಕ್ಯೂಆರ್ ಕಳಿಸ್ತೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಅಷ್ಟೆ. ಬೇಗ ಮಾಡಿ, ಅಜ್ಜಿ ಅಳ್ತಿದ್ದಾರೆ.”

ಅಜ್ಜಿ ಅಳುತ್ತಿದ್ದಾರೆ ಎಂದದ್ದೇ ನನ್ನ ತಲೆ ಓಡಲಿಲ್ಲ. ಚಿತ್ರ ಬಂತು. ಕಪ್ಪುಬಿಳಿ ಚೌಕ, ಅತ್ತೆಯ ತೋಳಿನಲ್ಲಿದ್ದಂಥದ್ದೇ. ನಾನು ಬೆರಳು ಇಡುವುದರಲ್ಲಿದ್ದೆ. ಪಕ್ಕದವಳು ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡಳು.

“ಅಣ್ಣ, ಅಜ್ಜಿ ಹಾಕಿರೋ ಸ್ವೆಟರ್ ಯಾವ ಬಣ್ಣ, ಅದೊಂದು ಹೇಳಿ” ಎಂದಳು. ಗುಂಪುಗಳಿಗೆ ಕಳಿಸಿದ್ದ ಹಳೆಯ ಫೋಟೋದಲ್ಲಿ ಅತ್ತೆ ಸ್ವೆಟರು ಹಾಕಿರಲಿಲ್ಲ.

ಫೋನು ಕಟ್ಟಾಯಿತು.

ನಾನು ಅಳಲೂ ಇಲ್ಲ. ಒಂದು ಕ್ಷಣ ಅವರು ಸಿಕ್ಕಿದ್ದರು, ಈಗ ಮತ್ತೆ ಸಿಕ್ಕಿಲ್ಲ. ಮೊದಲ ಸಲ ಕಳೆದದ್ದಕ್ಕಿಂತ ಇದು ಹೆಚ್ಚು ಕೆಟ್ಟದಾಗಿತ್ತು. ಆಮೇಲೆ ಇನ್ನೆರಡು ಕರೆ ಬಂದವು. ಒಂದು ದೂರದ ನೆಂಟರದು, ಇನ್ನೊಂದು ನಮ್ಮ ಗಿರಾಕಿಯದು.

ಬಿಸಿಲು ಬಾಗಿಲಿನಿಂದ ಹಿಂದೆ ಸರಿದು ರಸ್ತೆಗಿಳಿದ ಹೊತ್ತಿಗೆ ಮತ್ತೊಂದು ಹೊಸ ನಂಬರು. ಹಿಂದೆ ಲಾರಿಯ ಇಂಜಿನ್ನಿನ ಸದ್ದು.

“ಹಲೋ, ಚೇಚಿ, ಕೆಳಗೆ ಮಾಕುಟ್ಟ ಚೆಕ್‌ಪೋಸ್ಟಲ್ಲಿ ನಿಮ್ಮ ಅಮ್ಮ ಉಂಟು.”

ಮಾಕುಟ್ಟ! ಅದು ಕೇರಳದ ಗಡಿ. ನಾವು ಹುಡುಕುತ್ತಿದ್ದ ದಿಕ್ಕಿಗೆ ಪೂರ್ತಿ ಬೆನ್ನು. ನನಗೆ ನಂಬಿಕೆ ಬರಲಿಲ್ಲ, ಕೋಪವೇ ಬಂತು.

“ನೀವ್ಯಾರು? ಎಷ್ಟು ದುಡ್ಡು ಬೇಕು ಹೇಳಿ.”

“ದುಡ್ಡಾ? ಎಂತ ದುಡ್ಡು?” ಅವನಿಗೆ ಅರ್ಥವಾಗಲಿಲ್ಲ. “ಞಾನ್ ಲಾರಿ ಡ್ರೈವರ್. ಅಲ್ಲಿ ಕೆಳಗೆ ರೇಂಜ್ ಇಲ್ಲ. ಗಾರ್ಡ್ ಸಾರ್ ಚೀಟಿ ಕೊಟ್ಟರು, ಮೇಲೆ ರೇಂಜ್ ಸಿಕ್ಕಿದಾಗ ಫೋನ್ ಮಾಡು ಅಂತ. ನಂಗೆ ಕನ್ನಡ ಓದ್ಲಿಕ್ಕೆ ಗೊತ್ತಿಲ್ಲ. ಅವರು ಮಲಯಾಳದಲ್ಲಿ ಬರೆದು ಕೊಟ್ಟದ್ದು, ಓದ್ತೇನೆ ಕೇಳಿ.”

ಮಲಯಾಳಂ ಅಕ್ಷರಗಳಲ್ಲಿ ಬರೆದ ಕನ್ನಡವನ್ನು ಅವನು ತಡೆದು ತಡೆದು ಓದಿದ. ಇವರಿಗೆ ಮರೆವು. ಕೂರಿಸಿಕೊಂಡು. ಕೈ ಹಿಡಿದು ಎಳೆಯಬೇಡಿ. “ಟೀ-ಚರ್ ಎಂದರೆ... ಮಾತಾಡು-ತ್ತಾರೆ. ಅಷ್ಟೆ ಚೇಚಿ. ಕೆಳಗೆ ಈ ನಂಬರ್.”

ನಾನು ಮೊಬೈಲು ಹಿಡಿದುಕೊಂಡೇ ಚಪ್ಪಲಿ ಹುಡುಕತೊಡಗಿದೆ. ಅವನು ‘ಹಲೋ, ಹಲೋ’ ಎನ್ನುತ್ತಲೇ ಇದ್ದ.

ಭಾಗಮಂಡಲದಿಂದ ಗಂಡ ಬರುವವರೆಗೆ ಕಾಯಲು ನನ್ನಿಂದಾಗಲಿಲ್ಲ. ಪಕ್ಕದವಳು ಅಂಗಡಿ ಮುಚ್ಚಿ, ತನ್ನ ಗಂಡನ ಜೀಪು ತರಿಸಿ ನನ್ನ ಜೊತೆ ಹತ್ತಿದಳು. ಜೀಪು ಓಡಿಸಿದ್ದೂ ಅವಳೇ. ವಿರಾಜಪೇಟೆ ದಾಟಿ ಘಾಟಿ ಇಳಿಯತೊಡಗಿದ ಮೇಲೆ ಮೊಬೈಲಿನ ಗೆರೆಗಳು ಒಂದೊಂದಾಗಿ ಹೋದವು. ಎರಡೂ ಕಡೆ ಕಾಡು, ತಿರುವಿನ ಮೇಲೆ ತಿರುವು. ದಿನವಿಡೀ ಆ ಗೆರೆಗಳನ್ನು ಕಾದವಳಿಗೆ ಅವು ಪೂರ್ತಿ ಇಲ್ಲವಾದಾಗ ಕೈ ಬರಿದಾದಂತಾಯಿತು. ಈಗ ಅವರು ಮತ್ತೆ ಎದ್ದು ಹೋಗಿದ್ದರೆ? ಗಡಿ ದಾಟುವ ಬಸ್ಸು ಹತ್ತಿದ್ದರೆ? ಕಾಡಿನೊಳಗೆ ನಡೆದಿದ್ದರೆ? ಫೋನ್ ಮಾಡಿ ತಿಳಿಸಲು ಅಲ್ಲಿ ಯಾರಿಗೂ ದಾರಿಯಿಲ್ಲ.

“ಇರ್ತಾರೆ ಅಕ್ಕ” ಎಂದು ಪಕ್ಕದವಳು ಪ್ರತಿ ತಿರುವಿಗೂ ಹೇಳುತ್ತಿದ್ದಳು. ಅವಳಿಗೂ ಖಾತ್ರಿಯಿರಲಿಲ್ಲವೆಂದು ಅವಳು ಗೇರು ಹಾಕುವ ರೀತಿಯಲ್ಲೇ ತಿಳಿಯುತ್ತಿತ್ತು.

ಚೆಕ್‌ಪೋಸ್ಟಿನ ಪಕ್ಕದ ಚಾಯದಂಗಡಿಯ ಬೆಂಚಿನಲ್ಲಿ ಅತ್ತೆ ಕೂತಿದ್ದರು. ಮೈಮೇಲೆ ಸ್ವೆಟರು ಇರಲಿಲ್ಲ. ಯಾರದೋ ಹಸಿರು ಶಾಲು ಹೊದ್ದಿದ್ದರು. ಸ್ವೆಟರು ನೆನೆದಿತ್ತೆಂದು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದರು, ತೋಳಿನ ಚೌಕಕ್ಕೆ ಹೊಗೆ ತಾಗುತ್ತಿತ್ತು. ಅತ್ತೆಯ ಮುಂದೆ ಮೊರದಲ್ಲಿ ಸಣ್ಣ ಈರುಳ್ಳಿ. ಅಂಗಡಿಯ ಹೆಂಗಸಿನ ಜೊತೆ ಕೂತು ಸಿಪ್ಪೆ ಸುಲಿಯುತ್ತಿದ್ದರು.

“ಅತ್ತೆ!” ಎಂದೆ. ಅವರು ತಲೆಯೆತ್ತಿದರು. ಗುರುತು ಸಿಕ್ಕಲಿಲ್ಲ. ಅಂಗಡಿಯ ಹೆಂಗಸಿನ ಕಡೆ ತಿರುಗಿ, “ಈ ಗೂಡೆಗೆ ಕಾಪಿ ಕೊಡು” ಎಂದರು. ನಾನು, ಅವರ ಸೊಸೆ, ಬಾಗಿಲಿಗೆ ಬಂದ ಯಾವಳೋ ಹುಡುಗಿಯಾಗಿದ್ದೆ. ಆದರೂ ಕಾಪಿ ಕೊಡಿಸಿದರಲ್ಲ.

ಆ ಹೆಂಗಸು ನಡೆದದ್ದನ್ನು ಹೇಳಿದಳು. ನಲವತ್ತು ದಾಟಿದ ವಯಸ್ಸು, ಮಲಯಾಳಂ ಬೆರೆತ ಕನ್ನಡ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಯಾರನ್ನೂ ಕಂಡಕ್ಟರು ಹೆಚ್ಚು ಕೇಳುವುದಿಲ್ಲ. ವಿರಾಜಪೇಟೆಯಲ್ಲಿ ಬಸ್ಸು ಬದಲಿಸಿ ಬಂದಿರಬೇಕು. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗ ತುಂತುರು ಮಳೆಯಲ್ಲಿ ಇಳಿದು ನೇರ ಅವಳ ಅಂಗಡಿಗೆ ಬಂದು ಕೂತರಂತೆ.

“ಚಾಯ ಕೊಟ್ಟೆ. ಕುಡಿದು, ನನ್ನ ಮುಂದೆ ಬಂದು ಹೀಗೆ ಕೈ ಚಾಚಿದರು.” ಅವಳು ತನ್ನ ಎಡ ತೋಳನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿದಳು. “ಇದರಲ್ಲಿ ತಕೋ ಅಂತ ಹೇಳಿದ್ದು. ನಂಗೆ ನಗು ಬಂತು. ಬೇಡ ಅಮ್ಮ, ಕಾಸು ಬೇಡ ಅಂದೆ. ಬಿಡಲಿಲ್ಲ. ಸಿಟ್ಟು ಬಂತು ಅವರಿಗೆ. ಬಿಟ್ಟಿ ಕುಡಿಯುವವಳಲ್ಲ ಅಂತ. ಆಯ್ತು ಅಂತ ಮೊಬೈಲ್ ಹಿಡಿದೆ. ದುಡ್ಡಿನ ಆ್ಯಪಲ್ಲಿ ತಪ್ಪು ಅಂತ ಬಂತು. ಎರಡು ಸಲ ಹಿಡಿದೆ. ಇವರು ಕೈ ಇಳಿಸುವುದಿಲ್ಲ! ಮತ್ತೆ ಗಾರ್ಡ್ ಸಾರನ್ನು ಕರೆದೆ. ಅವರು ಇಡೀ ದಿನ ಮರದ ಲಾರಿಗಳ ಪರ್ಮಿಟ್ ಸ್ಕ್ಯಾನ್ ಮಾಡುವವರಲ್ಲವಾ. ಅವರು ಕ್ಯಾಮರಾ ಹಿಡಿದ ಕೂಡಲೇ ಕನ್ನಡ ಅಕ್ಷರ ಬಂತು. ಓದಿ, ತೊಪ್ಪಿ ತೆಗೆದು, ಟೀಚರ್ ಕೂತ್ಕೊಳ್ಳಿ ಅಂದರು. ಆಮೇಲೆ ಇವರು ಕೈ ಇಳಿಸಿದ್ದು.”

ಆ ಚೌಕ ದುಡ್ಡು ಕೊಡುವುದಕ್ಕೆ ಎಂದು ಅತ್ತೆ ನಮ್ಮ ಅಂಗಡಿಯಲ್ಲಿ ಕೂತು ಕಲಿತಿದ್ದರು. ಅಂಗಡಿಯ ಗುರುತು ಎಂದು ನಾನೇ ಹೇಳಿದ್ದೆ. ಎಲ್ಲ ಮರೆಯುತ್ತಿದ್ದ ಹೆಂಗಸು ಅದನ್ನು ಮರೆತಿರಲಿಲ್ಲ. ಕುಡಿದ ಚಾಯಕ್ಕೆ ಲೆಕ್ಕ ತೀರಿಸದೆ ಏಳುವುದು ಅವರಿಗೆ ಆಗದ ಕೆಲಸ. ಹಾಗಾಗದೆ ಅವರು ಸುಮ್ಮನೆ ಎದ್ದು ಹೋಗಿದ್ದರೆ, ಆ ಚೌಕವನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಎರಡು ಬಸ್ಸುಗಳಲ್ಲಿ ಎಷ್ಟು ಜನ ಅದನ್ನು ನೋಡಿದ್ದರೋ. ಎಲ್ಲರ ಕೈಯಲ್ಲೂ ಮೊಬೈಲಿತ್ತು. ಆಶ್ರಮದ್ದೋ, ಯಾವುದೋ ಕಂಪನಿಯದ್ದೋ ಸ್ವೆಟರೆಂದುಕೊಂಡಿರಬೇಕು. ಇದನ್ನು ಯೋಚಿಸಿದಾಗ ಕಾಪಿಯ ಲೋಟವನ್ನು ಮೇಜಿನ ಮೇಲಿಟ್ಟೆ.

ಹೊರಡುವುದು ಸುಲಭವಾಗಲಿಲ್ಲ. ಅತ್ತೆಗೆ ಅದೇ ಮನೆಯಾಗಿತ್ತು. “ನಾ ಬಾದಿಲ್ಲೆ” ಎಂದು ಬೆಂಚನ್ನು ಹಿಡಿದುಕೊಂಡರು. ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು, ಘಾಟಿ ಹತ್ತಬೇಕಿತ್ತು. ಕೈ ಹಿಡಿದು ಎಳೆಯಬೇಡಿ ಎಂದು ಬರೆಸಿದವಳೇ ನಾನು. ಆದರೂ ನನ್ನ ಕೈ ಅವರ ಕೈಯತ್ತ ಹೋಗಿತ್ತು. ಅಂಗಡಿಯ ಹೆಂಗಸು ಅದನ್ನು ಕಂಡಳು. ಒಣಗಿದ ಸ್ವೆಟರನ್ನು ತಂದು ಅತ್ತೆಗೆ ಹಾಕುತ್ತ, “ಟೀಚರ್, ಮಕ್ಕಳು ಕಾಯುತ್ತಾ ಉಂಟಲ್ಲ. ಬಾಲವಾಡಿ ಯಾರು ತೆಗೆಯುವುದು?” ಎಂದಳು. ಬಾಲವಾಡಿಯ ವಿಷಯ ಮಧ್ಯಾಹ್ನವೆಲ್ಲ ಅತ್ತೆಯೇ ಅವಳಿಗೆ ಹೇಳಿದ್ದರಂತೆ. ಅತ್ತೆ ಎದ್ದರು. ಜೀಪಿನವರೆಗೂ ಅವಳ ಜೊತೆಯೇ ನಡೆದರು, ನನ್ನ ಕಡೆ ನೋಡಲಿಲ್ಲ.

ಘಾಟಿಯ ಮೇಲೆ ಸಿಗ್ನಲ್ ಬಂದದ್ದೇ ಗಂಡನಿಗೆ ಫೋನ್ ಮಾಡಿದೆ. “ಸಿಕ್ಕಿದ್ರು” ಎಂದೆ. “ಅವ್ವ ಊಟ ಮಾಡ್ಯಾ ಕೇಳು” ಎಂದರು, ನನ್ನೊಡನೆ ಎಂದೂ ಆಡದ ಅರೆಭಾಷೆಯಲ್ಲಿ.

ಮರುದಿನ ಮನೆಯಲ್ಲಿ ದೊಡ್ಡ ಮಾತಾಯಿತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಬಿಡೋಣ ಎಂದರು ಗಂಡ. ಹಾಗೆನ್ನುವಾಗ ಅವರ ಕಣ್ಣು ಕೆಂಪಾಗಿತ್ತು. ಅದು ಕೋಪದ್ದಲ್ಲವೆಂದು ನನಗೆ ಗೊತ್ತಿತ್ತು. ಪಕ್ಕದವಳಿಗೂ ಬೇಜಾರು. ಚೌಕದ ಮೇಲೆ ‘ಕ್ಯಾಮರಾದಲ್ಲಿ ನೋಡಿ’ ಎಂದು ದೊಡ್ಡದಾಗಿ ಬರೆಸಬೇಕಿತ್ತು, ಅದು ತನಗೇಕೆ ಹೊಳೆಯಲಿಲ್ಲ ಎನ್ನುತ್ತಿದ್ದಳು. ಹೊಸದರಲ್ಲಿ ಹಾಗೇ ಬರೆಸಿದೆವು. ಅದನ್ನು ಎರಡೂ ತೋಳಿಗೆ ಹೊಲಿದೆ. ಊರಿನ ಇನ್ನಿಬ್ಬರು ತಮ್ಮ ಮನೆಯ ಹಿರಿಯರಿಗೂ ಬೇಕೆಂದು ಕೇಳಿಕೊಂಡು ಬಂದರು. ಹೊಲಿದುಕೊಟ್ಟೆ. ಕೊಡುವಾಗ ಆ ಸುಳ್ಳು ಫೋನಿನ ವಿಷಯವನ್ನೂ ಹೇಳಿದೆ. ಇದು ಕಾಯುತ್ತದೆ ಎಂದು ಯಾರಿಗೂ ಮಾತು ಕೊಡಲಿಲ್ಲ.

ಚಿಲಕ ಹಾಕಲಿಲ್ಲ. ಅದರ ಬದಲು, ವಾರಕ್ಕೊಮ್ಮೆ ಅಂಗಡಿಗೆ ರಜೆ ಹಾಕಿ, ಅತ್ತೆ ಮನೆಗೆ ಹೋಗಬೇಕೆಂದಾಗ ನಾನೂ ಅವರ ಜೊತೆ ಭಾಗಮಂಡಲದ ಬಸ್ಸು ಹತ್ತತೊಡಗಿದೆ. ಅವರು ಕಿಟಕಿಯ ಬಳಿ, ನಾನು ಈಚೆಗೆ. ಬಸ್ಸಿನಲ್ಲಿ ಅವರು ಬೇರೆಯೇ ಮನುಷ್ಯರು. ಮೈ ನೆಟ್ಟಗಾಗುತ್ತದೆ, ಗದ್ದೆಗಳನ್ನು ಗುರುತಿಸುವವರಂತೆ ನೋಡುತ್ತಾರೆ. ನಾನು ಮಾತ್ರ ಪ್ರತಿ ಸ್ಟಾಪಿನಲ್ಲೂ ಅವರು ಏಳುತ್ತಾರೋ ಎಂದು ನೋಡುತ್ತೇನೆ.

ಒಮ್ಮೆ ಭಾಗಮಂಡಲ ಇನ್ನೂ ದೂರವಿರುವಾಗಲೇ, ಯಾವ ಊರೂ ಅಲ್ಲದ ಒಂದು ತಿರುವಿನಲ್ಲಿ ಎದ್ದು ನಿಂತರು. “ಇಲ್ಲಿ, ಇಲ್ಲಿ” ಎಂದರು. ಕಂಡಕ್ಟರು ನನ್ನ ಮುಖ ನೋಡಿದ. ಬೇಡವೆನ್ನಲು ಬಾಯಿ ತೆರೆದೆ, ಯಾಕೋ ಇಳಿದುಬಿಟ್ಟೆ. ಬಸ್ಸು ಹೋಯಿತು. ರಸ್ತೆ, ಒಂದು ಮುರಿದ ಗೇಟು, ಅದರಾಚೆ ಯಾರದೋ ಕಾಫಿ ತೋಟ. ಮುಂದಿನ ಬಸ್ಸು ಎಷ್ಟು ಹೊತ್ತಿಗೋ ಗೊತ್ತಿರಲಿಲ್ಲ, ಮೋಡ ಕವಿಯುತ್ತಿತ್ತು, ಮೊಬೈಲಿನಲ್ಲಿ ಗೆರೆಯೂ ಇರಲಿಲ್ಲ.

“ಇದೇನಾ ಅತ್ತೆ ಮನೆ?” ಎಂದು ಕೇಳಿದೆ.

ಅವರು ಗೇಟಿನ ಕಂಬಕ್ಕೆ ಕೈಯಿಟ್ಟು ಒಳಗೆ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ, ನನ್ನ ಸೆರಗು ಭುಜದಿಂದ ಜಾರಿದ್ದನ್ನು ಸರಿಮಾಡಿ, “ಚಳಿ ಉಟ್ಟು, ನೀ ಸ್ವೆಟರ್ ಹಾಕಿಲ್ಲೆ” ಎಂದರು.

ರಸ್ತೆಯ ಬದಿಯ ದಿಬ್ಬದ ಮೇಲೆ ಇಬ್ಬರೂ ಬಸ್ಸಿಗಾಗಿ ಕೂತೆವು.